ಸಾಲ ಮಾರೋದು ಅಂದ್ರೇನು? ಸೆಕ್ಯುರಿಟೈಸೇಶನ್ ಶುರುವಾಗಿದ್ದು ಎಲ್ಲಿಂದ?

ಸುಮ್ನೆಓದುಗ

ಮನೆ ಸಾಲದ ಕರಾರು ಪತ್ರ ಓದುತ್ತಾ ಕೂತಿದ್ದೆ. 14ನೇ ಪುಟದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಈ ಸಾಲವನ್ನು ಪೂರ್ತಿಯಾಗಿ ಅಥವಾ ಭಾಗಶಃ ಬೇರೆಯವರಿಗೆ ವರ್ಗಾಯಿಸುವ ಹಕ್ಕು ಸಾಲ ಕೊಟ್ಟವರಿಗೆ ಇದೆಯಂತೆ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಸಾಲ ಮಾರಬಹುದಾ? ಹುಡುಕಿದಾಗ ಸೆಕ್ಯುರಿಟೈಸೇಶನ್ ಅನ್ನೋ ಪದ ಸಿಕ್ಕಿತು. ಅಲ್ಲಿಂದ ನೇರ ಅಮೆರಿಕದ 2008ರ ಆರ್ಥಿಕ ಕುಸಿತಕ್ಕೆ ಹೋಗಿ ಬಿದ್ದೆ. ಇದು ಮೋಸ ಮಾಡೋಕೆ ಅಂತಲೇ ಹುಟ್ಟಿದ್ದಾ? ಗೊತ್ತಿದ್ದವರು ಶುರುವಿನಿಂದ ಹೇಳಿ. ಪರೀಕ್ಷೆಗಲ್ಲ, ಸಹಿ ಹಾಕೋ ಮುಂಚೆ ತಿಳಿದುಕೊಳ್ಳೋಕೆ.

ಹಳೇಕಡತ

ಸೆಕ್ಯುರಿಟೈಸೇಶನ್ ಅಂದರೆ ಸಾಲಗಳನ್ನು ಗಂಟು ಕಟ್ಟಿ, ಆ ಗಂಟಿನ ಮೇಲೆ ಹೂಡಿಕೆದಾರರಿಗೆ ಪತ್ರ ಮಾರುವುದು. ಮೋಸಕ್ಕೆ ಹುಟ್ಟಿದ್ದಲ್ಲ. ನಿಜವಾದ ಒಂದು ತಲೆನೋವಿಗೆ ಔಷಧಿಯಾಗಿ ಹುಟ್ಟಿದ್ದು. ಉದ್ದ ಆಗುತ್ತದೆ, ಪುರುಸೊತ್ತಾದಾಗ ಓದಿ.

ಠೇವಣಿ ಇಟ್ಟವರು ನಾಳೆ ಬೆಳಗ್ಗೆಯೇ ಬಂದು ದುಡ್ಡು ವಾಪಸ್ ಕೇಳಬಹುದು. ಮನೆ ಸಾಲ ತೆಗೆದುಕೊಂಡವರು ಮಾತ್ರ 20 ವರ್ಷ, 30 ವರ್ಷ ನಿಧಾನವಾಗಿ ಕಟ್ಟುತ್ತಾರೆ. ನಡುವೆ ಕೂತ ಬ್ಯಾಂಕು ಇಬ್ಬರಿಗೂ ಜವಾಬು ಹೇಳಬೇಕು. ತಲೆನೋವು ಇದೇ.

ಅಮೆರಿಕದಲ್ಲಿ 1930ರ ದಶಕಕ್ಕೆ ಮುಂಚೆ ಅಷ್ಟು ಉದ್ದದ ಸಾಲವೇ ಅಪರೂಪ. ಐದೋ ಹತ್ತೋ ವರ್ಷ ಬಡ್ಡಿ ಕಟ್ಟುವುದು. ಕೊನೆಗೆ ಅಸಲಿನ ದೊಡ್ಡ ಗಂಟನ್ನು ಒಂದೇ ಸಲ ತೀರಿಸುವುದು, ಇಲ್ಲವೇ ಹೊಸ ಸಾಲ ಮಾಡಿ ಹಳೆಯದನ್ನು ಮುಗಿಸುವುದು. ಮಹಾ ಆರ್ಥಿಕ ಕುಸಿತ ಬಂದಾಗ ಹೊಸ ಸಾಲ ಕೊಡುವವರೇ ಇರಲಿಲ್ಲ. ಮನೆಗಳು ಸಾಲುಸಾಲಾಗಿ ಹರಾಜಿಗೆ ಬಂದವು. ಆಗ ಸರ್ಕಾರ ಕೈ ಹಾಕಿತು. 1934ರಲ್ಲಿ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್ ಬಂತು. ಸಾಲಗಾರ ಕಟ್ಟದಿದ್ದರೆ ನಾವಿದ್ದೇವೆ ಅಂತ ಮನೆ ಸಾಲಕ್ಕೆ ವಿಮೆ ಕೊಟ್ಟಿತು. 1938ರಲ್ಲಿ ಫ್ಯಾನಿ ಮೇ ಅನ್ನುವ ಸರ್ಕಾರಿ ಸಂಸ್ಥೆ ಬಂತು. ಆ ವಿಮೆ ಇರುವ ಸಾಲಗಳನ್ನು ಕೊಂಡು, ಸಾಲ ಕೊಟ್ಟವರ ಕೈಗೆ ಮತ್ತೆ ದುಡ್ಡು ಕೊಡುವುದು ಇದರ ಕೆಲಸ.

ಇದು ಇನ್ನೂ ಸೆಕ್ಯುರಿಟೈಸೇಶನ್ ಅಲ್ಲ. ಫ್ಯಾನಿ ಮೇ ಕೊಂಡ ಸಾಲವನ್ನು ತನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುತ್ತಿತ್ತು. 1968ರ ಹೊತ್ತಿಗೆ ವಿಯೆಟ್ನಾಂ ಯುದ್ಧದ ಖರ್ಚು ಏರುತ್ತಿತ್ತು. ಫ್ಯಾನಿ ಮೇಯ ಸಾಲದ ಹೊರೆಯೂ ಸರ್ಕಾರದ ಲೆಕ್ಕದಲ್ಲೇ ಕಾಣುತ್ತಿತ್ತು. ಅದಕ್ಕೆ ಅದನ್ನು ಎರಡು ಹೋಳು ಮಾಡಿದರು. ಫ್ಯಾನಿ ಮೇ ಷೇರುದಾರರ ಕಂಪನಿಯಾಗಿ ಹೊರಗೆ ಹೋಯಿತು. ಜಿನ್ನಿ ಮೇ ಸರ್ಕಾರದೊಳಗೇ ಉಳಿಯಿತು. ಭಾರವನ್ನು ಲೆಕ್ಕದ ಪುಸ್ತಕದಿಂದ ಆಚೆ ಇಡುವ ಆಸೆ ಬ್ಯಾಂಕುಗಳಿಗಿಂತ ಮೊದಲು ಸರ್ಕಾರಕ್ಕೇ ಬಂದಿತ್ತು ಅನ್ನೋದು ನನಗೆ ಇಡೀ ಕಥೆಯಲ್ಲಿ ತುಂಬಾ ಮಜಾ ಅನಿಸುವ ಭಾಗ.

1970ರಲ್ಲಿ ಜಿನ್ನಿ ಮೇ ಖಾತರಿಯೊಂದಿಗೆ ಮೊದಲ ಪಾಸ್-ಥ್ರೂ ಪತ್ರ ಮಾರುಕಟ್ಟೆಗೆ ಬಂತು. ನೂರಾರು ಮನೆ ಸಾಲಗಳನ್ನು ಒಂದು ಗಂಟು ಕಟ್ಟುವುದು. ಆ ಗಂಟಿನ ಮೇಲೆ ಪತ್ರ ಮಾರುವುದು. ಸಾಲಗಾರರು ಕಟ್ಟಿದ ಕಂತು, ಬಡ್ಡಿ ಅಸಲು ಎರಡೂ, ಸಣ್ಣ ಶುಲ್ಕ ಕಳೆದು ನೇರವಾಗಿ ಪತ್ರ ಕೊಂಡವರಿಗೆ ಹರಿದು ಹೋಗುವುದು. ಅದೇ ವರ್ಷ ಸಾಲ ಕೊಳ್ಳುವ ಇನ್ನೊಂದು ಸಂಸ್ಥೆ ಫ್ರೆಡ್ಡಿ ಮ್ಯಾಕ್ ಹುಟ್ಟಿತು, 1971ರಲ್ಲಿ ತನ್ನದೇ ಪತ್ರ ತಂದಿತು.

ಸರ್ಕಾರದ ಖಾತರಿ ಇಲ್ಲದೆ ದೊಡ್ಡ ಮಟ್ಟದಲ್ಲಿ ಇದನ್ನು ಮಾಡಿದ್ದು 1977ರಲ್ಲಿ. ಸಾಲಗಳು ಬ್ಯಾಂಕ್ ಆಫ್ ಅಮೆರಿಕದ್ದು, ಮಾರಿದ್ದು ಸಾಲೊಮನ್ ಬ್ರದರ್ಸ್ ಅನ್ನುವ ಹೂಡಿಕೆ ಬ್ಯಾಂಕು. ಅಲ್ಲಿದ್ದ ಲೂಯಿಸ್ ರಾನಿಯೇರಿಯವರ ಬಾಯಿಂದಲೇ ಸೆಕ್ಯುರಿಟೈಸೇಶನ್ ಅನ್ನುವ ಪದ ಬಂತು ಅಂತಾರೆ.

ಎರಡನೇಮಾತು

ಕಡತ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಎಲ್ಲವನ್ನೂ ಅಮೆರಿಕದಿಂದಲೇ ಯಾಕೆ ಶುರು ಮಾಡುತ್ತೀರಿ? 1753ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಲೆಮ್ ಗಿಡಿಯೋನ್ ಡಾಯ್ಟ್ಸ್ ಅನ್ನುವ ವ್ಯಾಪಾರಿ ಇದನ್ನು ಮಾಡಿದ್ದರು. ಅವರು ಆ ಊರಿನ ಮೇಯರ್ ಕೂಡ ಆಗಿದ್ದವರು. ದಕ್ಷಿಣ ಅಮೆರಿಕದಲ್ಲಿದ್ದ ಡಚ್ ವಸಾಹತು ಸುರಿನಾಮ್‌ನ ಕಾಫಿ, ಸಕ್ಕರೆ ತೋಟಗಳ ಮೇಲೆ ಅಡಮಾನ ಸಾಲ ಕೊಡುವುದು. ಅಂಥ ಸಾಲಗಳನ್ನು ಒಟ್ಟು ಸೇರಿಸಿ, ಅದರ ಮೇಲೆ ಹಾಲೆಂಡಿನ ಹೂಡಿಕೆದಾರರಿಗೆ ಬಾಂಡ್ ಮಾರುವುದು. ತೋಟದ ಬೆಲೆಯ ಎಂಟರಲ್ಲಿ ಐದು ಪಾಲಿನಷ್ಟು ಮಾತ್ರ ಸಾಲ ಅಂತ ನಿಯಮವೂ ಇತ್ತು.

ಆ ಬೆಲೆಯಲ್ಲಿ ಗುಲಾಮರ ಬೆಲೆಯೂ ಸೇರಿತ್ತು. ಮನುಷ್ಯರನ್ನು ಅಡ ಇಟ್ಟ ಕಾಗದ ಅದು. ಇದನ್ನು ಬಿಟ್ಟು ಬರೀ ಜಾಣತನದ ಕಥೆ ಹೇಳಿದರೆ ಸರಿ ಹೋಗಲ್ಲ.

ಆಮೇಲೆ ಏನಾಯ್ತು ಅಂತ ಕೇಳಿ. ಡಾಯ್ಟ್ಸ್ ನೋಡಿ ಬೇರೆ ವ್ಯಾಪಾರಿಗಳೂ ಇಳಿದರು. ಪೈಪೋಟಿ ಜಾಸ್ತಿಯಾಯಿತು. ಸಮುದ್ರದಾಚೆಯ ತೋಟಕ್ಕೆ ಬೆಲೆ ಕಟ್ಟುವವರು ಉದಾರವಾಗಿ ಕಟ್ಟತೊಡಗಿದರು. ಬೆಲೆಯೇ ಉಬ್ಬಿದ ಮೇಲೆ ಎಂಟರಲ್ಲಿ ಐದು ಅನ್ನುವ ನಿಯಮಕ್ಕೆ ಏನರ್ಥ? 1770ರ ದಶಕದ ಶುರುವಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ದುಡ್ಡಿನ ಮಾರುಕಟ್ಟೆ ಕುಸಿದಾಗ ತೋಟದ ಮಾಲೀಕರು ಕಂತು ನಿಲ್ಲಿಸಿದರು, ಬಾಂಡ್ ಇಟ್ಟುಕೊಂಡವರು ಮುಳುಗಿದರು. ಊರು, ಇಸವಿ ಅಳಿಸಿ ಕೊಟ್ಟರೆ ಇದನ್ನು 2007 ಅಂತಲೇ ಓದಿಬಿಡುತ್ತೀರಿ.

ಹಳೇಕಡತ

ಒಪ್ಪಿದೆ. ಡಾಯ್ಟ್ಸ್ ವಿಷಯ ಬಿಟ್ಟಿದ್ದು ನನ್ನ ತಪ್ಪು. ನಾನು ಹೇಳಿದ್ದು ಇವತ್ತಿನ ಮಾರುಕಟ್ಟೆಯ ನೇರ ವಂಶಾವಳಿ, ಅಷ್ಟೇ.

ಸುಮ್ನೆಓದುಗ

ಸರಿ, ಆದರೆ 1977ರಿಂದ 2007ರ ನಡುವೆ? ಒಂದೆರಡು ಕಂಪನಿಗಳ ಪ್ರಯೋಗ ಇಡೀ ಜಗತ್ತಿಗೆ ಹಬ್ಬಿದ್ದು ಹೇಗೆ?

ಹಿಂಬದಿಮೇಜು

ಇದಕ್ಕೆ ನಾನು ಉತ್ತರಿಸುತ್ತೇನೆ. ನನ್ನ ಅನ್ನದ ವಿಷಯ ಇದು.

ಹಬ್ಬಲು ಮೊದಲ ಕಾರಣ ಬಡ್ಡಿ. ಅಮೆರಿಕದಲ್ಲಿ ಮನೆ ಸಾಲ ಕೊಡುತ್ತಿದ್ದದ್ದು ಹೆಚ್ಚಾಗಿ ಸೇವಿಂಗ್ಸ್ ಆಂಡ್ ಲೋನ್ ಅನ್ನುವ ಸಣ್ಣ ಸಂಸ್ಥೆಗಳು. ಬಹಳ ವರ್ಷ ಠೇವಣಿ ಬಡ್ಡಿಗೆ ಕಾನೂನಿನ ಮಿತಿ ಇತ್ತು, ಜೀವನ ನೆಮ್ಮದಿಯಾಗಿತ್ತು. 1979ರಲ್ಲಿ ಪಾಲ್ ವೋಲ್ಕರ್ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ಗೆ ಮುಖ್ಯಸ್ಥರಾಗಿ ಬಂದರು, ಬಡ್ಡಿ ಏರಲು ಬಿಟ್ಟು ಹಣದುಬ್ಬರ ಹತ್ತಿಕ್ಕಲು ಹೊರಟರು. 1981ರಲ್ಲಿ 30 ವರ್ಷದ ಮನೆ ಸಾಲದ ಬಡ್ಡಿ ಶೇ. 18 ದಾಟಿತು. ಈ ಸಂಸ್ಥೆಗಳ ಪುಸ್ತಕದಲ್ಲಿದ್ದದ್ದು ಹಿಂದೆ ಯಾವಾಗಲೋ ಶೇ. 6ಕ್ಕೆ, 7ಕ್ಕೆ ಕೊಟ್ಟ ಸಾಲ. ಬರುವುದು 6, ಠೇವಣಿದಾರರಿಗೆ ಕೊಡಬೇಕಾದದ್ದು ಅದರ ಎರಡು ಪಟ್ಟು. ಅದೇ ವರ್ಷ ಲೆಕ್ಕದ ನಿಯಮ ಸಡಿಲಿಸಿ, ಸಾಲ ಮಾರಿದಾಗ ಆಗುವ ನಷ್ಟವನ್ನು ಹಲವು ವರ್ಷಗಳಿಗೆ ಹಂಚಿ ತೋರಿಸಲು ಬಿಟ್ಟರು. ಎಲ್ಲರೂ ಒಟ್ಟಿಗೆ ಮಾರಲು ನಿಂತರು. ಕೊಳ್ಳಲು ಸಾಲೊಮನ್ ಬಾಗಿಲು ತೆರೆದು ಕೂತಿತ್ತು.

ಎರಡನೆಯದು ಅವಧಿ. ಪಾಸ್-ಥ್ರೂ ಪತ್ರದಲ್ಲಿ ಒಂದು ಕಾಟ ಇತ್ತು. ಬಡ್ಡಿ ಇಳಿದ ಕೂಡಲೇ ಸಾಲಗಾರರು ಕಡಿಮೆ ಬಡ್ಡಿಗೆ ಹೊಸ ಸಾಲ ಮಾಡಿ ಹಳೆಯದನ್ನು ತೀರಿಸಿಬಿಡುತ್ತಾರೆ. ಹೂಡಿಕೆದಾರನಿಗೆ ದುಡ್ಡು ವಾಪಸ್ ಬರುವುದು ಅವನಿಗೆ ಬೇಡವಾದ ಹೊತ್ತಿಗೇ. ಬಡ್ಡಿ ಏರಿದರೆ ಯಾರೂ ಬೇಗ ತೀರಿಸಲ್ಲ, ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಪಿಂಚಣಿ ನಿಧಿಯವರಿಗೆ ಇಂಥ ಅನಿಶ್ಚಿತತೆ ಆಗಲ್ಲ. 1983ರಲ್ಲಿ ಫ್ರೆಡ್ಡಿ ಮ್ಯಾಕ್‌ಗಾಗಿ ಸಾಲೊಮನ್ ಮತ್ತು ಫಸ್ಟ್ ಬೋಸ್ಟನ್ ಸೇರಿ ಸಿಎಂಒ ಅನ್ನುವುದನ್ನು ಕಟ್ಟಿದರು. ಒಂದೇ ಗಂಟನ್ನು ಮೂರು ಪದರ ಮಾಡಿದರು. ಅಸಲು ಬಂದ ಹಾಗೆ ಮೊದಲ ಪದರ ಪೂರ್ತಿ ತೀರುತ್ತದೆ, ಆಮೇಲೆ ಎರಡನೆಯದು, ಕೊನೆಗೆ ಮೂರನೆಯದು. ಬೇಗ ದುಡ್ಡು ಬೇಕಾದವರು ಮೊದಲ ಪದರ ಕೊಳ್ಳಲಿ, ಕಾಯಬಲ್ಲವರು ಕೊನೆಯದು. ಗಂಟು ಅದೇ, ಬರುವ ದುಡ್ಡೂ ಅದೇ. ಸರದಿ ಮಾತ್ರ ಬದಲಾಯಿತು. ಇದು ನಿಜಕ್ಕೂ ಚಂದದ ಕೆಲಸ, ಹಾಗೆ ಹೇಳೋಕೆ ನನಗೇನೂ ನಾಚಿಕೆ ಇಲ್ಲ.

ಆಮೇಲೆ ಕಾನೂನು ಹಿಂದಿನಿಂದ ಓಡಿ ಬಂತು. 1984ರ ಕಾಯ್ದೆ ಖಾಸಗಿ ಪತ್ರಗಳಿಗೆ ರಾಜ್ಯ ರಾಜ್ಯದ ಅಡ್ಡಿ ತೆಗೆಯಿತು. 1986ರ ತೆರಿಗೆ ಕಾನೂನು ಪದರಗಳ ಮೇಲೆ ಎರಡೆರಡು ಸಲ ತೆರಿಗೆ ಬೀಳದ ಹಾಗೆ ನೋಡಿಕೊಂಡಿತು. 1985ರಲ್ಲಿ ಕಂಪ್ಯೂಟರ್ ಲೀಸ್‌ಗಳ ಮೇಲೆ ಸ್ಪೆರಿ ಕಂಪನಿಯ ಪತ್ರ ಬಂತು. ಮನೆ ಸಾಲ ಬಿಟ್ಟು ಬೇರೆ ಆಸ್ತಿ ಗಂಟು ಕಟ್ಟಿದ್ದು ಅದೇ ಮೊದಲು. ಅದೇ ವರ್ಷ ಕಾರ್ ಸಾಲ, 1987ರ ಹೊತ್ತಿಗೆ ಕ್ರೆಡಿಟ್ ಕಾರ್ಡ್ ಬಾಕಿ. ತಿಂಗಳು ತಿಂಗಳು ದುಡ್ಡು ಬರುವ ಯಾವುದನ್ನಾದರೂ ಗಂಟು ಕಟ್ಟಬಹುದು ಅನ್ನುವುದು ಗೊತ್ತಾಗಿ ಹೋಗಿತ್ತು.

ಪಾಪ್‌ಕಿವಿ

ಹಾಡನ್ನೂ! 1997ರಲ್ಲಿ ಡೇವಿಡ್ ಬೋವಿ ತನ್ನ 25 ಆಲ್ಬಂಗಳ ಮುಂದಿನ ಆದಾಯದ ಮೇಲೆ ಬಾಂಡ್ ಹೊರಡಿಸಿದರು. 5.5 ಕೋಟಿ ಡಾಲರ್, 10 ವರ್ಷ, ಶೇ. 7.9 ಬಡ್ಡಿ. ಎಲ್ಲವನ್ನೂ ಪ್ರುಡೆನ್ಶಿಯಲ್ ವಿಮಾ ಕಂಪನಿ ಕೊಂಡಿತು. ಆಮೇಲೆ ಜನ ಇಂಟರ್ನೆಟ್‌ನಲ್ಲಿ ಬಿಟ್ಟಿ ಹಾಡು ಇಳಿಸಿಕೊಳ್ಳತೊಡಗಿದರು. 2004ರಲ್ಲಿ ಬಾಂಡ್‌ಗಳಿಗೆ ರೇಟಿಂಗ್ ಕೊಡುವ ಮೂಡೀಸ್ ಕಂಪನಿ ಇದರ ರೇಟಿಂಗನ್ನು ಇಳಿಸಿ, ಕಸ (ಜಂಕ್) ಅನ್ನುವ ದರ್ಜೆಗಿಂತ ಒಂದೇ ಮೆಟ್ಟಿಲು ಮೇಲೆ ತಂದು ನಿಲ್ಲಿಸಿತು. ಆದರೂ ದುಡ್ಡು ಪೂರ್ತಿ ವಾಪಸ್ ಬಂತು. ಚರ್ಚೆಗೆ ಇದರಿಂದ ಏನೂ ಪ್ರಯೋಜನ ಇಲ್ಲ, ಸುಮ್ನೆ ಹೇಳಿದೆ.

ಲೆಕ್ಕಪಕ್ಕಾ

ಪದರದ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲಬೇಕು. 1983ರ ಪದರ ಹಂಚಿದ್ದು ಕಾಲವನ್ನು. ಆಮೇಲೆ ಬಂದ ಪದರ ಹಂಚಿದ್ದು ನಷ್ಟವನ್ನು. 2008 ಅರ್ಥವಾಗಬೇಕಾದರೆ ಪೆನ್ನು ಹಿಡಿದು ಈ ಎರಡನೆಯದನ್ನು ಒಮ್ಮೆ ಲೆಕ್ಕ ಹಾಕಿ.

100 ಸಾಲ, ಒಂದೊಂದೂ ಒಂದು ಲಕ್ಷ ಡಾಲರ್. ಒಟ್ಟು ಒಂದು ಕೋಟಿ. ಇದನ್ನು ಮೂರು ಪದರ ಮಾಡೋಣ. ಮೇಲಿನದು 80 ಲಕ್ಷ, ನಡುವಿನದು 15 ಲಕ್ಷ, ಅಡಿಯದು 5 ಲಕ್ಷ. ನಷ್ಟ ಬಂದರೆ ಅಡಿಯಿಂದ ತಿನ್ನುತ್ತಾ ಬರುತ್ತದೆ. 10 ಜನ ಕೈ ಎತ್ತಿದರು, ಮನೆ ಮಾರಿದಾಗ ಅರ್ಧ ದುಡ್ಡು ಸಿಕ್ಕಿತು ಅಂತಿಟ್ಟುಕೊಳ್ಳಿ. ನಷ್ಟ 5 ಲಕ್ಷ. ಅಡಿ ಪದರ ಸತ್ತಿತು, ಉಳಿದವರಿಗೆ ಏನೂ ಆಗಲಿಲ್ಲ. 30 ಜನ ಕೈ ಎತ್ತಿದರೆ ನಷ್ಟ 15 ಲಕ್ಷ. ನಡುವಿನ ಪದರ 10 ಲಕ್ಷ ಕಳೆದುಕೊಂಡಿತು. ಮೇಲಿನ ಪದರ ಆಗಲೂ ಸೇಫ್. ಅದನ್ನು ಮುಟ್ಟಬೇಕಾದರೆ ನಷ್ಟ ಶೇ. 20 ದಾಟಬೇಕು. ಅದಕ್ಕೆ ಟ್ರಿಪಲ್ ಎ, ಅಂದರೆ ಎಲ್ಲಕ್ಕಿಂತ ಮೇಲಿನ ರೇಟಿಂಗ್, ಕೊಟ್ಟರೆ ಹುಚ್ಚುತನ ಅಲ್ಲ.

ಈಗ ಕೈಚಳಕ ನೋಡಿ. ನಡುವಿನ ಪದರ ಕೊಳ್ಳುವವರು ಕಮ್ಮಿ. ಹಾಗಾಗಿ ಹತ್ತಾರು ಗಂಟುಗಳ ನಡುವಿನ ಪದರಗಳನ್ನು ಮಾತ್ರ ಆಯ್ದು ಹೊಸ ಗಂಟು ಕಟ್ಟಿದರು. ಇದು ಸಿಡಿಒ. ಮತ್ತೆ ಅದನ್ನು ಪದರ ಮಾಡಿ, ಮೇಲಿನ ಶೇ. 80ಕ್ಕೆ ಮತ್ತೆ ಟ್ರಿಪಲ್ ಎ. ಬೇರೆ ಬೇರೆ ಊರಿನ ಸಾಲಗಳು, ಎಲ್ಲವೂ ಒಟ್ಟಿಗೆ ಕೆಡುತ್ತವಾ ಅನ್ನುವುದು ವಾದ.

ಒಟ್ಟಿಗೆ ಕೆಟ್ಟರೆ? ಎಲ್ಲಾ ಮೂಲ ಗಂಟುಗಳಲ್ಲೂ ನಷ್ಟ ಶೇ. 8 ಆಯಿತು ಅನ್ನಿ. ಒಂದೊಂದರಲ್ಲೂ ಅಡಿಯ 5 ಹೋಗಿ, ನಡುವಿನ 15ರಲ್ಲಿ 3 ಹೋಯಿತು. ಅಂದರೆ ನಡುವಿನ ಪದರದ ಶೇ. 20. ಸಿಡಿಒದಲ್ಲಿ ಟ್ರಿಪಲ್ ಎಗಿಂತ ಕೆಳಗಿದ್ದದ್ದು ಸರಿಯಾಗಿ ಶೇ. 20. ಅದು ಮುಗಿಯಿತು. 8ರ ಮೇಲೆ ಪ್ರತಿ ಪೈಸೆಯೂ ಈ ಎರಡನೇ ಟ್ರಿಪಲ್ ಎಯನ್ನೇ ತಿನ್ನುತ್ತದೆ. ನಷ್ಟ ಶೇ. 20 ಮುಟ್ಟಿದಾಗ ಅದರಲ್ಲಿ ಒಂದು ಡಾಲರೂ ಉಳಿಯಲ್ಲ. ಅದೇ ಹೊತ್ತಿಗೆ ಮೊದಲ ಟ್ರಿಪಲ್ ಎ ಒಂದು ಡಾಲರೂ ಕಳೆದುಕೊಂಡಿರಲ್ಲ.

ಎರಡಕ್ಕೂ ಹೆಸರು ಒಂದೇ, ಟ್ರಿಪಲ್ ಎ.

ಸುಮ್ನೆಓದುಗ

ಇದನ್ನು ಎರಡು ಸಲ ಓದಿದೆ. ಕಾಗದದ ಮೇಲೆ ಬರೆದೂ ನೋಡಿದೆ. ಮೈ ಜುಮ್ ಅಂತು. ರೇಟಿಂಗ್ ಕೊಡುವವರಿಗೆ ಇಷ್ಟು ಲೆಕ್ಕ ಬರ್ತಿರಲಿಲ್ವಾ?

ಎರಡನೇಮಾತು

ಬರುತ್ತಿತ್ತು. ಆದರೆ ಅವರಿಗೆ ಶುಲ್ಕ ಕೊಡುತ್ತಿದ್ದದ್ದು ಪತ್ರ ಹೊರಡಿಸುವವರೇ. ಒಬ್ಬರು ಕೊಡದಿದ್ದರೆ ಇನ್ನೊಬ್ಬರ ಹತ್ತಿರ ಹೋಗುತ್ತಾರೆ. 2008ರ ಕುಸಿತದ ಬಗ್ಗೆ ಅಮೆರಿಕ ನೇಮಿಸಿದ ವಿಚಾರಣಾ ಆಯೋಗದ ವರದಿಯಲ್ಲಿ ಮೂಡೀಸ್ ಬಗ್ಗೆ ಇರುವ ಅಂಕಿ ಇದು: 2006ರಲ್ಲಿ ಕೆಲಸದ ಪ್ರತಿ ದಿನ 30 ಅಡಮಾನ ಪತ್ರಗಳಿಗೆ ಟ್ರಿಪಲ್ ಎ ಮುದ್ರೆ. ಆ ವರ್ಷ ಟ್ರಿಪಲ್ ಎ ಪಡೆದ ಅಡಮಾನ ಪತ್ರಗಳಲ್ಲಿ ಶೇ. 83ರ ರೇಟಿಂಗ್ ಕೊನೆಗೆ ಇಳಿಯಿತು.

ಹಳೇಕಡತ

ರೇಟಿಂಗ್‌ನವರನ್ನು ಬೈಯುವುದು ಸುಲಭ. ಬ್ಯಾಂಕುಗಳು ಆ ಪತ್ರವನ್ನು ಯಾಕೆ ಅಷ್ಟು ಆಸೆಯಿಂದ ಇಟ್ಟುಕೊಂಡವು ಅನ್ನುವುದನ್ನೂ ಕೇಳಿ. ಬ್ಯಾಂಕುಗಳ ಬಂಡವಾಳದ ಬಗ್ಗೆ 1988ರಲ್ಲಿ ಬಂದ ಬಾಸೆಲ್ ಅನ್ನುವ ಅಂತಾರಾಷ್ಟ್ರೀಯ ನಿಯಮದ ಪ್ರಕಾರ 100 ಡಾಲರ್ ಮನೆ ಸಾಲಕ್ಕೆ ಬ್ಯಾಂಕು ಸ್ವಂತ ಬಂಡವಾಳ 4 ಡಾಲರ್ ಇಡಬೇಕಿತ್ತು. 2001ರಲ್ಲಿ ಅಮೆರಿಕದ ನಿಯಂತ್ರಕರು ಟ್ರಿಪಲ್ ಎ ಪತ್ರಕ್ಕೆ 1.60 ಡಾಲರ್ ಸಾಕು ಅಂದರು. ಬ್ಯಾಂಕು ತನ್ನ ಸಾಲ ಮಾರಿ, ಅಂಥದ್ದೇ ಸಾಲಗಳ ಮೇಲಿನ ಪತ್ರ ಕೊಂಡರೆ ಬಂಡವಾಳ ಉಳಿತಾಯ. ಅಪಾಯ ಹೊರಗಿನವರಿಗೆ ಹೋಗುತ್ತದೆ ಅನ್ನುವುದು ಮೂಲ ಯೋಜನೆ. ಅದು ಮುಂಬಾಗಿಲಿಂದ ಹೋಗಿ ಹಿತ್ತಿಲ ಬಾಗಿಲಿಂದ ಒಳಗೆ ಬಂತು.

ಹಿಂಬದಿಮೇಜು

ನಾನು ಕಂಡ ಒಂದು ವಿಷಯ ಹೇಳುತ್ತೇನೆ, ಕಂಪನಿ ಹೆಸರು ಬೇಡ. ಸಾಲದ ಗಂಟು ಮಾರುವ ಮುಂಚೆ ಪಟ್ಟಿ ತಾಳೆ ನೋಡುವ ಕೆಲಸ ನನ್ನದು. ಆ ಪಟ್ಟಿಗೆ ಲೋನ್ ಟೇಪ್ ಅಂತಾರೆ. ಈಗ ಬರುವುದು ಸ್ಪ್ರೆಡ್‌ಶೀಟ್‌ನಲ್ಲಿ, ಟೇಪ್ ಅನ್ನೋ ಹೆಸರು ಮಾತ್ರ ಉಳಿದಿದೆ. ಒಂದು ಸಾಲಕ್ಕೆ ಒಂದು ಅಡ್ಡಗೆರೆ. ಮೊತ್ತ, ಬಡ್ಡಿ, ಉಳಿದ ತಿಂಗಳು, ಮನೆ ಬೆಲೆ, ಆದಾಯ, ಎಷ್ಟು ದಿನ ಬಾಕಿ.

ಒಂದು ಸಲ ಆದಾಯದ ಕಾಲಂನಲ್ಲಿ ಹನ್ನೊಂದು ಸಾಲಗಾರರಿಗೆ ಒಂದರ ಕೆಳಗೊಂದು ಒಂದೇ ಅಂಕಿ. ಕೊನೆಯ ಸೊನ್ನೆಯವರೆಗೂ ಒಂದೇ. ಯಾರೋ ಮೇಲಿನ ಚೌಕವನ್ನು ಹಿಡಿದು ಕೆಳಗೆ ಎಳೆದಿದ್ದರು. ಮೇಲಿನವರಿಗೆ ತೋರಿಸಿದೆ. ನಾವು ಪರಿಶೀಲಿಸುವುದು ಸ್ಯಾಂಪಲ್ ಮಾತ್ರ, ಈ ಹನ್ನೊಂದು ಸ್ಯಾಂಪಲ್‌ನಲ್ಲಿ ಬಂದಿಲ್ಲವಲ್ಲ, ಬಿಡಿ ಅಂದರು. ಗಂಟು ಮಾರಾಟ ಆಯಿತು. ಆ ಸಾಲಗಳು ಕೆಟ್ಟವೋ ಇಲ್ಲವೋ ನನಗೆ ತಿಳಿಯಲೇ ಇಲ್ಲ. ಮಾರಿದ ಮೇಲೆ ಆ ಫೈಲ್ ನಮ್ಮ ಹತ್ತಿರ ಇರುತ್ತಿರಲಿಲ್ಲ.

ನನ್ನ ಮಟ್ಟಿಗೆ ಎಡವಿದ್ದು ಅಲ್ಲೇ. ಕಂತು ಬರುತ್ತದೋ ಇಲ್ಲವೋ ಅಂತ ನಿದ್ದೆಗೆಡಬೇಕಾದವರು ಸಾಲ ಕೊಟ್ಟವರು. ಗಂಟು ಮಾರಿದ ದಿನದಿಂದ ಅವರಿಗೆ ಒಳ್ಳೆಯ ನಿದ್ದೆ. ಮಾಡಿದ್ದುಣ್ಣೋ ಮಹರಾಯ ಅನ್ನುವ ಹಾಗಿರಲಿಲ್ಲ, ಮಾಡಿದ್ದು ಒಬ್ಬರು, ಉಂಡದ್ದು ಇನ್ನೊಬ್ಬರು. ಅಮೆರಿಕದ 2010ರ ಡಾಡ್-ಫ್ರಾಂಕ್ ಕಾಯ್ದೆ ಗಂಟು ಕಟ್ಟುವವರು ಅಪಾಯದ ಶೇ. 5 ತಮ್ಮಲ್ಲೇ ಇಟ್ಟುಕೊಳ್ಳಬೇಕು ಅಂತ ಹೇಳಿದ್ದು ಇದಕ್ಕೇ. ಆದರೆ ಗುಣಮಟ್ಟ ಚೆನ್ನಾಗಿರುವ ಮನೆ ಸಾಲಗಳಿಗೆ ಅದರಲ್ಲೂ ವಿನಾಯಿತಿ ಇದೆ.

ಎರಡನೇಮಾತು

ಹಾಗಾದರೆ ಡೆನ್ಮಾರ್ಕ್ ನೋಡಿ. 1795ರಲ್ಲಿ ಕೋಪನ್‌ಹೇಗನ್‌ಗೆ ದೊಡ್ಡ ಬೆಂಕಿ ಬಿತ್ತು. ಮನೆ ಮತ್ತೆ ಕಟ್ಟಲು ದುಡ್ಡು ಬೇಕಿತ್ತು, 1797ರಲ್ಲಿ ಅಡಮಾನ ಸಂಸ್ಥೆ ಹುಟ್ಟಿತು. ಅಲ್ಲೂ ಸಾಲಕ್ಕೆ ತಕ್ಕ ಬಾಂಡ್ ಮಾರುತ್ತಾರೆ. ಆದರೆ ಸಾಲಗಾರ ಕಟ್ಟದಿದ್ದರೆ ನಷ್ಟ ಸಂಸ್ಥೆಯದ್ದೇ, ಬಾಂಡ್ ಕೊಂಡವರದ್ದಲ್ಲ. ಸಾಲ ಅದರ ಪುಸ್ತಕ ಬಿಟ್ಟು ಹೋಗಲ್ಲ. ಇನ್ನೂರು ವರ್ಷದಿಂದ ನಡೆದುಕೊಂಡು ಬಂದಿದೆ. ಬಾಂಡ್ ಬೆಲೆ ಬಿದ್ದಾಗ ಸಾಲಗಾರನೇ ತನ್ನ ಸಾಲದ ಬಾಂಡನ್ನು ಮಾರುಕಟ್ಟೆಯಲ್ಲಿ ಅಗ್ಗವಾಗಿ ಕೊಂಡು ಸಾಲ ತೀರಿಸಬಹುದು. ಮಾರುಕಟ್ಟೆಯ ದುಡ್ಡು ತರಲು ಜವಾಬ್ದಾರಿಯನ್ನೂ ಮಾರಲೇಬೇಕು ಅಂತೇನಿಲ್ಲ.

ಲೆಕ್ಕಪಕ್ಕಾ

ಡೆನ್ಮಾರ್ಕ್ ಪದ್ಧತಿ ಚೆನ್ನಾಗಿದೆ, ಆದರೆ ಅದನ್ನು ಸೆಕ್ಯುರಿಟೈಸೇಶನ್ ಅನ್ನಬೇಡಿ. ಅದು ಕವರ್ಡ್ ಬಾಂಡ್ ಜಾತಿ. ಸಾಲ ಮಾರಾಟ ಆಗಲ್ಲ, ಪದರ ಇಲ್ಲ.

ಹಳೇಕಡತ

ಇನ್ನೊಂದು ಬದಿಯೂ ಇದೆ. ಕಾರ್ ಸಾಲದ, ಕ್ರೆಡಿಟ್ ಕಾರ್ಡಿನ ಮೇಲ್ಪದರಗಳು 2008ರಲ್ಲೂ ಬಹುಪಾಲು ತಡೆದುಕೊಂಡವು. ಕೆಟ್ಟದ್ದು ಸಬ್‌ಪ್ರೈಮ್ ಮನೆ ಸಾಲ (ತೀರಿಸುವುದು ಅನುಮಾನ ಇರುವವರಿಗೆ ಕೊಟ್ಟದ್ದು), ಅದರ ಮೇಲಿನ ಸಿಡಿಒ. ಮಾರುಕಟ್ಟೆ ನಿಂತು ಹೋದಾಗ ಕೊಳ್ಳಲು ಬಂದದ್ದು ಯಾರು ಗೊತ್ತಾ? ಫೆಡರಲ್ ರಿಸರ್ವ್. 2010ರ ಮಾರ್ಚ್ ಹೊತ್ತಿಗೆ 1.25 ಲಕ್ಷ ಕೋಟಿ ಡಾಲರ್ ಮೌಲ್ಯದ ಫ್ಯಾನಿ, ಫ್ರೆಡ್ಡಿ, ಜಿನ್ನಿ ಪತ್ರಗಳನ್ನು ಕೊಂಡಿತು. ಫ್ಯಾನಿ, ಫ್ರೆಡ್ಡಿಗಳನ್ನು 2008ರ ಸೆಪ್ಟೆಂಬರ್‌ನಲ್ಲೇ ಸರ್ಕಾರ ತನ್ನ ಸುಪರ್ದಿಗೆ ತೆಗೆದುಕೊಂಡಿತ್ತು. 1968ರಲ್ಲಿ ಪುಸ್ತಕದಿಂದ ಆಚೆ ಹಾಕಿದ್ದನ್ನು 40 ವರ್ಷದ ಮೇಲೆ ಮತ್ತೆ ಒಳಗೆ ಕರೆದುಕೊಂಡರು.

ಸುಮ್ನೆಓದುಗ

ಎಲ್ಲರಿಗೂ ಥ್ಯಾಂಕ್ಸ್. ಈಗ ನನ್ನ 14ನೇ ಪುಟಕ್ಕೆ ಬರೋಣ. ಆ ಸಾಲು ಹೊಡೆದು ಹಾಕಿ ಅಂತ ಕೇಳಬಹುದಾ?

ಹಿಂಬದಿಮೇಜು

ಕೇಳಬಹುದು, ಆದರೆ ಒಪ್ಪುವುದು ಅನುಮಾನ. ಅಂಥ ಸಾಲು ಇಲ್ಲದ ಕರಾರನ್ನು ನಾನಂತೂ ನೋಡಿಲ್ಲ. ಹೊಡೆದು ಹಾಕಿಸುವ ಬದಲು ಮೂರು ವಿಷಯ ಬರಹದಲ್ಲಿ ಕೇಳಿ. ಸಾಲ ಮಾರಿದರೆ ನನಗೆ ಪತ್ರ ಬರೆದು ತಿಳಿಸುತ್ತೀರಾ? ಕಂತು ವಸೂಲಿ ಮಾಡುವವರು ಯಾರು? ಪೂರ್ತಿ ತೀರಿಸಿದ ಮೇಲೆ ಮನೆಯ ಮೂಲ ಪತ್ರ ಯಾರ ಕೈಯಿಂದ ವಾಪಸ್ ಬರುತ್ತದೆ? ಬಡ್ಡಿ, ಅವಧಿ ಮಾರಿದ ಮಾತ್ರಕ್ಕೆ ಬದಲಾಗಲ್ಲ. ಎಷ್ಟೋ ಸಲ ಕಂತು ಕಟ್ಟುವ ಜಾಗವೂ ಬದಲಾಗಲ್ಲ, ವಸೂಲಿ ಕೆಲಸ ಹಳಬರೇ ಮುಂದುವರಿಸುತ್ತಾರೆ.

ಸುಮ್ನೆಓದುಗ

ಇವತ್ತು ಹೋಗಿ ಕೇಳಿದೆ. ಮೊದಲ ಎರಡಕ್ಕೆ ತಕ್ಷಣ ಉತ್ತರ ಬರೆದು ಕೊಟ್ಟರು. ಮೂರನೆಯದಕ್ಕೆ ಆ ಹುಡುಗ ಎದ್ದು ಒಳಗೆ ಹೋದ, ಬರೋಕೆ ಇಪ್ಪತ್ತು ನಿಮಿಷ ಆಯಿತು. ಇದನ್ನು ಯಾರೂ ಕೇಳಿಲ್ಲ ಸರ್ ಅಂದ. ಬರೆಸಿಕೊಂಡೇ ಸಹಿ ಹಾಕಿದೆ.